ಪರ-ವಿರೋಧ: ಹೊಸಬರ ಮೊದಲ ಪ್ರೋಗ್ರಾಮಿಂಗ್ ಭಾಷೆ ಸಿ ಆಗಬೇಕೇ?

ಪರ: 13ಕ್ಕೆ ಕೈಕೊಡುವ ಲೆಕ್ಕ

ಸಿ ಭಾಷೆಯ ಪರವಾಗಿ ಬರೆಯಿರಿ ಎಂದು ನನಗೆ ಹೇಳಿದರು. ಹಲವು ವರ್ಷಗಳಿಂದ ಅದನ್ನೇ ಕಲಿಸುತ್ತಿದ್ದೇನಲ್ಲ, ಅದಕ್ಕೇ ಇರಬೇಕು. ಸರಿ, ಒಪ್ಪಿಕೊಂಡ ಮೇಲೆ ವಾದಿಸಲೇಬೇಕು.

ಸಿ ಹುಟ್ಟಿದ್ದು 1970ರ ದಶಕದ ಶುರುವಿನಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ. ಡೆನಿಸ್ ರಿಚಿ ಅದನ್ನು ಕಟ್ಟಿದ್ದು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಕೆಲಸಕ್ಕಾಗಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ನ ಬಹುಪಾಲು ಇವತ್ತಿಗೂ ಸಿಯಲ್ಲೇ ಇದೆ. ನಾವೆಲ್ಲ ಸಾಮಾನ್ಯವಾಗಿ ಇಳಿಸಿಕೊಂಡು ಬಳಸುವ ಪೈಥಾನ್ ಎಂಬ ಭಾಷೆ ಕೂಡ ಒಳಗೆ ಸಿಯಲ್ಲಿ ಬರೆದದ್ದೇ. ಪೈಥಾನ್ ಕಲಿಯುವವರು ತಮಗೇ ಗೊತ್ತಿಲ್ಲದೆ ಸಿ ಮೇಲೆ ನಿಂತಿರುತ್ತಾರೆ. ಕಾಲ ಕೆಳಗೆ ಏನಿದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದಲ್ವಾ?

ನನ್ನ ಮುಖ್ಯ ಕಾರಣ ಒಂದೇ. ಸಿ ಒಳಗಿನದನ್ನು ಮುಚ್ಚಿಡುವುದಿಲ್ಲ. ತರಗತಿಯಲ್ಲಿ ನಾನು ಫ್ಯಾಕ್ಟೋರಿಯಲ್ ಬರೆಸುತ್ತೇನೆ. 1ರಿಂದ ಶುರುಮಾಡಿ ಬೇಕಾದ ಸಂಖ್ಯೆಯವರೆಗೆ 1, 2, 3 ಎಂದು ಗುಣಿಸುತ್ತ ಹೋಗುವ ಲೆಕ್ಕ. 12ರವರೆಗೆ ಎಲ್ಲ ಸರಿ. 13ಕ್ಕೆ ಬರಬೇಕಾದದ್ದು 6227020800. ಸ್ಕ್ರೀನ್ ಮೇಲೆ ಬರುವುದು 1932053504. ಯಾರೋ ಒಬ್ಬರು ಕ್ಯಾಲ್ಕುಲೇಟರ್ ತೆಗೆಯುತ್ತಾರೆ. ಪಕ್ಕದವರು ತಮ್ಮ ಕೋಡ್‌ನಲ್ಲಿ ತಪ್ಪು ಹುಡುಕುತ್ತಾರೆ. ತಪ್ಪು ಇರುವುದಿಲ್ಲ. ಆಗ ಹೇಳುತ್ತೇನೆ: ಇಲ್ಲಿ ಒಂದು ಇಂಟ್‌ಗೆ, ಅಂದರೆ ಪೂರ್ಣಾಂಕಕ್ಕೆ, ಸಿಗುವ ಜಾಗ 4 ಬೈಟ್, ಅಂದರೆ 32 ಬಿಟ್. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647. ಅದಕ್ಕಿಂತ ಜಾಸ್ತಿ ಸುರಿದರೆ ಚೆಲ್ಲುತ್ತದೆ. ಒಳಗೆ ಉಳಿದದ್ದನ್ನೇ ಯಂತ್ರ ಉತ್ತರ ಎಂದು ತೋರಿಸುತ್ತದೆ.

ಇದೇ ಲೆಕ್ಕವನ್ನು ಪೈಥಾನ್‌ನಲ್ಲಿ ಮಾಡಿದರೆ 13 ಏನು, 100ಕ್ಕೂ ಸರಿಯಾದ ಉತ್ತರ ಬರುತ್ತದೆ. ಅಲ್ಲಿ ಮೆಮೊರಿ ಇರುವವರೆಗೂ ಪೂರ್ಣಾಂಕ ಬೆಳೆಯುತ್ತದೆ. ಅನುಕೂಲವೇ. ಆದರೆ ಸಂಖ್ಯೆಗೂ ಜಾಗ ಬೇಕು ಎಂಬ ವಿಷಯ ಆ ವಿದ್ಯಾರ್ಥಿಗೆ ಗೊತ್ತಾಗುವುದು ಯಾವಾಗ?

ಇನ್ನೊಂದು ಉದಾಹರಣೆ. ಪೈಥಾನ್‌ನಲ್ಲಿ ಅಂಕಗಳ ಒಂದು ಲಿಸ್ಟ್, ಅಂದರೆ ಪಟ್ಟಿ, ಮಾಡಿ. ಸಮ ಚಿಹ್ನೆ ಹಾಕಿ ಅದನ್ನು ಇನ್ನೊಂದು ಹೆಸರಿಗೂ ಕೊಡಿ. ಎರಡನೆಯ ಹೆಸರು ಹಿಡಿದು ಒಳಗಿನ ಒಂದು ಅಂಕ ಬದಲಿಸಿದರೆ ಮೊದಲನೆಯದರಲ್ಲೂ ಅದು ಬದಲಾಗಿರುತ್ತದೆ. ಹೊಸಬರು ಇಲ್ಲಿ ಕಂಗಾಲಾಗುತ್ತಾರೆ. ಮೆಮೊರಿಯ ವಿಳಾಸ ಹಿಡಿದಿಡುವ ಸಿಯ ಪಾಯಿಂಟರ್‌ಗಳ ಜೊತೆ ಒದ್ದಾಡಿ ಬಂದವರಿಗೆ "ಎರಡೂ ಹೆಸರಿನ ಹಿಂದೆ ಇರುವುದು ಒಂದೇ ವಿಳಾಸ" ಅಂದರೆ ಸಾಕು. ಒಳಗೆ ಏನಾಗುತ್ತಿದೆ ಎಂದು ಗೊತ್ತಿರಬೇಕು. ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಗೊತ್ತು.

ಭಾಷೆಯೂ ಚಿಕ್ಕದು. 1989ರ ಸ್ಟ್ಯಾಂಡರ್ಡ್‌ನಲ್ಲಿ ಇದ್ದ ಕೀವರ್ಡ್‌ಗಳು, ಅಂದರೆ ಭಾಷೆ ತನಗೇ ಮೀಸಲಿಟ್ಟುಕೊಂಡ ಪದಗಳು, 32. ಈಗಿನ ಪೈಥಾನ್‌ನಲ್ಲಿ ಇರುವುದು 35, ಹಾಗಾಗಿ ಈ ಅಂಕಿಯನ್ನು ಜಾಸ್ತಿ ಎಳೆಯುವುದಿಲ್ಲ. ಗೇರ್ ಇರುವ ಕಾರಿನಲ್ಲಿ ಕಲಿತವರು ಯಾವ ಕಾರನ್ನಾದರೂ ಓಡಿಸುತ್ತಾರೆ ಎನ್ನುವುದುಂಟು. ಅದನ್ನೂ ಇಲ್ಲಿ ಸೇರಿಸಿಕೊಳ್ಳಿ.

ಒಂದು ವಿಷಯ ಮಾತ್ರ ಮುಚ್ಚಿಡಲಾರೆ. ಮೊನ್ನೆ ವಿದ್ಯಾರ್ಥಿಗಳ ಅಂಕಗಳನ್ನು ಒಟ್ಟು ಮಾಡಲು ನಾನೇ ಒಂದು ಪ್ರೋಗ್ರಾಂ ಬರೆದೆ. ಹನ್ನೆರಡು ಸಾಲು, ಪೈಥಾನ್‌ನಲ್ಲಿ. ಸಿಯಲ್ಲಿ ಬರೆಯುವ ಯೋಚನೆ ಕೂಡ ಬರಲಿಲ್ಲ. ಆದರೆ ಪ್ರಶ್ನೆ ಇರುವುದು ಹೊಸಬರ ಬಗ್ಗೆ, ನಾನು ಹೊಸಬನಲ್ಲ.

ವಿರೋಧ: ಕಣ್ಣಿಗೆ ಕಾಣದ ಒಂದು ಅಕ್ಷರ, ನನ್ನ ಆರು ವರ್ಷ

ನಾನು ಕಲಿತ ಮೊದಲ ಭಾಷೆ ಸಿ. ಈ ವಿಷಯದಲ್ಲಿ ನನ್ನಿಂದ ತಣ್ಣಗಿನ ಮಾತು ಬಯಸಬೇಡಿ.

ನಾನು ಬರೆಯಲು ಹೊರಟದ್ದು ಒಂದು ಸಣ್ಣ ಆಟ. ಕಂಪ್ಯೂಟರ್ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ, ಆಡುವವರು ಊಹಿಸಬೇಕು. ಜಾಸ್ತಿಯಾದರೆ ಜಾಸ್ತಿ, ಕಡಿಮೆಯಾದರೆ ಕಡಿಮೆ ಎನ್ನುತ್ತದೆ. ಕೊನೆಗೆ "ಇನ್ನೊಮ್ಮೆ ಆಡುತ್ತೀರಾ?" ಎಂದು ಕೇಳುತ್ತದೆ. ವೈ ಒತ್ತಿದರೆ ಮತ್ತೆ ಶುರು, ಎನ್ ಒತ್ತಿದರೆ ಮುಗಿಯಿತು. ಅಷ್ಟೇ. ಅದನ್ನು ಮುಗಿಸಿ ಎಲ್ಲರಿಗೂ ತೋರಿಸಬೇಕು ಎಂಬ ಆಸೆ.

ಮೊದಲ ದಿನ, ಮೊದಲ ಊಹೆ ಕೊಟ್ಟು ಎಂಟರ್ ಒತ್ತಿದ ಕೂಡಲೇ ಪ್ರೋಗ್ರಾಂ ಸತ್ತಿತು. "ಸೆಗ್ಮೆಂಟೇಶನ್ ಫಾಲ್ಟ್." ಮುಟ್ಟಬಾರದ ಮೆಮೊರಿ ಮುಟ್ಟಿದರೆ ಬರುವ ಸಂದೇಶ ಅದು. ಯಾವ ಸಾಲು, ಏನು ತಪ್ಪು, ಒಂದೂ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು, ಕೀಬೋರ್ಡ್‌ನಲ್ಲಿ ಒತ್ತಿದ್ದನ್ನು ಓದುವ ಸ್ಕ್ಯಾನ್‌ಎಫ್ ಒಳಗೆ ವೇರಿಯಬಲ್ ಹೆಸರಿನ ಮುಂಚೆ & ಹಾಕಿರಲಿಲ್ಲ. ಯಾಕೆ ಹಾಕಬೇಕು ಎಂದು ಕೇಳಿದೆ. "ಸದ್ಯಕ್ಕೆ ಸುಮ್ನೆ ಹಾಕಿ, ಪಾಯಿಂಟರ್ ಪಾಠ ಬಂದಾಗ ಗೊತ್ತಾಗುತ್ತೆ" ಎಂಬ ಉತ್ತರ ಬಂತು. ಒಳಗಿನದನ್ನು ಮುಚ್ಚಿಡದ ಭಾಷೆ ಎಂದು ಹೇಳುತ್ತಾರಲ್ಲ, ಅದರ ಮೊದಲ ವಾರದ ಪಾಠವೇ ಹೀಗೆ! ಈಗಿನ ಕಂಪೈಲರ್‌ಗಳು, ಅಂದರೆ ನಮ್ಮ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂಗಳು, ಇದಕ್ಕೆ ಎಚ್ಚರಿಕೆ ಕೊಡುತ್ತವೆ ಎಂದು ಯಾರಾದರೂ ಹೇಳುತ್ತಾರೆ. ಕೊಡುತ್ತವೆ. ಕೆಲವು ಕಡೆ ಆ ಎಚ್ಚರಿಕೆಯನ್ನು ನಾವೇ ಆನ್ ಮಾಡಿಕೊಳ್ಳಬೇಕು. ಅದು ಹೊಸಬರಿಗೆ ಗೊತ್ತಿರಬೇಕು.

ಇರಲಿ, & ಹಾಕಿದೆ. ಆಟ ನಡೆಯಿತು. ಕೊನೆಗೆ "ಇನ್ನೊಮ್ಮೆ ಆಡುತ್ತೀರಾ?" ಎಂದು ಕೇಳಿತು. ಕೇಳಿದ್ದೇ ಕೇಳಿದ್ದು, ನನ್ನ ಉತ್ತರಕ್ಕೆ ಕಾಯದೆ ಮುಗಿದುಹೋಯಿತು. ಮತ್ತೆ ಓಡಿಸಿದೆ. ಅದೇ ಕಥೆ. ಎರಡು ದಿನ ಆ ಐವತ್ತು ಸಾಲುಗಳನ್ನು ಓದಿದೆ. ಇಫ್ ಬದಲಿಸಿದೆ, ಲೂಪ್ ಬದಲಿಸಿದೆ, ಇಡೀ ಪ್ರೋಗ್ರಾಂ ಅಳಿಸಿ ಮತ್ತೆ ಬರೆದೆ.

ಮೂರನೆಯ ದಿನ ಹಿರಿಯರೊಬ್ಬರು ಬಂದರು. ನನ್ನ ಕೀಬೋರ್ಡ್ ಎಳೆದುಕೊಂಡು, ಅಕ್ಷರ ಓದಿಸುವ ಸ್ಕ್ಯಾನ್‌ಎಫ್‌ನಲ್ಲಿ ಶೇಕಡಾ ಚಿಹ್ನೆಯ ಮುಂಚೆ ಒಂದು ಸ್ಪೇಸ್ ಒತ್ತಿದರು. "ಈಗ ನೋಡಿ" ಎಂದು ಹೇಳಿ ಹೋದರು. ಸರಿಯಾಗಿತ್ತು. ಯಾಕೆ ಎಂದು ಹೇಳಲಿಲ್ಲ. ನಾನು ಸಂಖ್ಯೆ ಕೊಟ್ಟ ಮೇಲೆ ಒತ್ತಿದ ಎಂಟರ್ ಒಳಗೇ ಕಾದು ಕೂತಿರುತ್ತದೆ, ಮುಂದಿನ ಅಕ್ಷರ ಕೇಳಿದ ಕೂಡಲೇ ಅದೇ ಉತ್ತರವಾಗಿ ಹೋಗಿಬಿಡುತ್ತದೆ. ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ನಂತರ. ಅವತ್ತು ಗೊತ್ತಾಗಿದ್ದು ಒಂದೇ: ಇದು ನನ್ನಂಥವರಿಗೆ ಅಲ್ಲ. ಆರು ವರ್ಷ ಪ್ರೋಗ್ರಾಮಿಂಗ್ ಕಡೆ ತಲೆ ಹಾಕಲಿಲ್ಲ.

ಮತ್ತೆ ಬಂದದ್ದು ಅನಿವಾರ್ಯಕ್ಕೆ. ಕೆಲಸದಲ್ಲಿ ನೂರಾರು ಫೈಲ್‌ಗಳ ಹೆಸರು ಬದಲಿಸಬೇಕಿತ್ತು. ಜೊತೆಯವರೊಬ್ಬರು ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆದು ತೋರಿಸಿದರು. ಅವತ್ತು ರಾತ್ರಿಯೇ ಕೂತು ಆ ಹಳೆಯ ಆಟವನ್ನು ಪೈಥಾನ್‌ನಲ್ಲಿ ಬರೆದೆ. ಅದೂ ಮೊದಲು ಓಡಲಿಲ್ಲ! ಆದರೆ ನಿಂತ ಸಾಲಿನ ನಂಬರ್ ಕೊಟ್ಟಿತು. ಟೈಪ್ ಎರರ್ ಎಂದು ಹೇಳಿ, ಒಂದು ಕಡೆ ಸ್ಟ್ರಿಂಗ್ ಇದೆ, ಇನ್ನೊಂದು ಕಡೆ ಇಂಟ್ ಇದೆ, ಎರಡನ್ನು ಹೀಗೆ ಹೋಲಿಸಲು ಆಗುವುದಿಲ್ಲ ಎಂದಿತು. ಕೀಬೋರ್ಡ್‌ನಿಂದ ಬರುವುದು ಅಕ್ಷರಗಳು, ಅದನ್ನು ಸಂಖ್ಯೆ ಮಾಡಿಕೊಳ್ಳಬೇಕು ಎಂದು ಆ ಒಂದು ಸಾಲಿನಿಂದ ಕಲಿತೆ. ಸಿಯ ಎರಡು ಪದದ ಸಾವಿನ ಸುದ್ದಿಯಿಂದ ಏನು ಕಲಿತೆ ಎಂದು ಇವತ್ತಿಗೂ ಹೇಳಲಾರೆ.

ಪರವಾಗಿ ಬರೆದವರು 13ರ ಫ್ಯಾಕ್ಟೋರಿಯಲ್ ತಪ್ಪಾಗಿ ಬರುವುದನ್ನು ದೊಡ್ಡ ಪಾಠ ಎಂದಿದ್ದಾರಂತೆ. ಬರಹ ನಾನು ಪೂರ್ತಿ ಓದಿಲ್ಲ, ಗೇರ್ ಕಾರು ಬಂದೇ ಇರುತ್ತದೆ ಎಂದು ಗೊತ್ತು. ಅವರ ತರಗತಿಯಲ್ಲಿ ಪಕ್ಕದಲ್ಲಿ ನಿಂತು ವಿವರಿಸಲು ಅವರಿದ್ದಾರೆ. ಒಬ್ಬರೇ ಕೂತು ಕಲಿಯುವವರಿಗೆ ಯಾರಿದ್ದಾರೆ? ಒಳಗಿನದು ಗೊತ್ತಿರಬೇಕು ಅಂದರೆ ಸಿಗೇ ಯಾಕೆ ನಿಲ್ಲಬೇಕು? ಯಂತ್ರಕ್ಕೆ ಇನ್ನೂ ಹತ್ತಿರದ ಅಸೆಂಬ್ಲಿ ಭಾಷೆ ಕಲಿಸಿ. ಅದಕ್ಕೂ ಮೊದಲು ಟ್ರಾನ್ಸಿಸ್ಟರ್‌ಗಳಿಗೆ ಬೆಸುಗೆ ಹಾಕಿಸಿ. ಲಿಸ್ಟ್ ನಕಲಾಗದ ವಿಷಯವನ್ನೂ ಎತ್ತಿದ್ದಾರಂತೆ. ಹೌದು, ಅದು ನನಗೂ ಒಮ್ಮೆ ಆಗಿದೆ. ಅದರ ಬಗ್ಗೆ ಬೇರೆಯೇ ಬರೆಯಬಹುದು.

ಹೊಸಬರಿಗಾಗಿ ಎಂದೇ ಭಾಷೆ ಕಟ್ಟಿದವರು ಇದ್ದಾರೆ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಜ್ ಬೇಸಿಕ್ ಮಾಡಿದ್ದು ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಮುಟ್ಟಲಿ ಎಂದು. ನಿಕ್ಲಾಸ್ ವಿರ್ತ್ 1970ರಲ್ಲಿ ಪಾಸ್ಕಲ್ ತಂದಾಗಲೂ ಪಾಠ ಹೇಳುವುದು ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ಗೀಡೊ ವಾನ್ ರಾಸಮ್ 1991ರಲ್ಲಿ ಪೈಥಾನ್ ಹೊರತರುವ ಮುಂಚೆ ಎಬಿಸಿ ಎಂಬ ಭಾಷೆಯ ಮೇಲೆ ಕೆಲಸ ಮಾಡಿದ್ದರು. ಅದೂ ಹೊಸಬರನ್ನು ಮನಸ್ಸಿನಲ್ಲಿ ಇಟ್ಟುಕೊಂಡ ಭಾಷೆ. ಸಾಲು ಒಳಕ್ಕೆ ಸರಿಸಿ ಬರೆಯುವ ಪೈಥಾನ್ ಪದ್ಧತಿ ಅಲ್ಲಿಂದ ಬಂದದ್ದು. ಈ ಸಾಲಿನಲ್ಲಿ ಸಿ ಇಲ್ಲ. ಅದು ಕೆಲಸ ಬಲ್ಲವರು ತಮ್ಮ ಕೆಲಸಕ್ಕೆ ಮಾಡಿಕೊಂಡ ಹತಾರ.

ಸುಲಭದ ಭಾಷೆಯಲ್ಲಿ ಶುರುಮಾಡಿದರೆ ತಲೆ ಕೆಡುತ್ತದೆ ಎಂಬ ಹೆದರಿಕೆಯೂ ಹಳೆಯದು. ಬೇಸಿಕ್ ಕಲಿತವರಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಹೆಚ್ಚುಕಡಿಮೆ ಅಸಾಧ್ಯ ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1975ರಲ್ಲೇ ಬರೆದಿದ್ದರು. ಅಷ್ಟು ದೊಡ್ಡವರ ಮಾತು. ಆಮೇಲೆ ಮನೆಯ ಕಂಪ್ಯೂಟರ್‌ನಲ್ಲಿ ಬೇಸಿಕ್ ಬರೆದು ಬೆಳೆದ ಒಂದು ಇಡೀ ತಲೆಮಾರು ಪ್ರೋಗ್ರಾಮರ್ ಆಯಿತು.

ಸಿಯನ್ನು ನಾನು ಮತ್ತೆ ಕಲಿತೆ, ನನಗೇ ಬೇಕು ಅನಿಸಿದಾಗ. ಮೊದಲು ಬರೆದದ್ದು ಅದೇ ಊಹೆಯ ಆಟ. & ಎಲ್ಲೂ ಮರೆಯಲಿಲ್ಲ. ಆ ಸ್ಪೇಸ್ ಮತ್ತೆ ಮರೆತೆ. ಹುಡುಕಲು ಈ ಸಲ ಹತ್ತು ನಿಮಿಷ ಸಾಕಾಯಿತು.