ಫ್ರಾನ್ಸ್-ಇಂಗ್ಲೆಂಡ್ ಪೈಪೋಟಿಯಲ್ಲಿ ಇರೊಕ್ವಾ ಒಕ್ಕೂಟ: ತಟಸ್ಥ ನೀತಿ ನೆಲ ಉಳಿಸಿತೇ?

ಪರ: ಆರು ದಶಕ ಉಳಿಸಿತು

ಉತ್ತರ ಅಮೆರಿಕದ ಮೊಹಾಕ್, ಒನೊಂಡಾಗ, ಸೆನೆಕ ಮುಂತಾದ ಮೂಲನಿವಾಸಿ ಬುಡಕಟ್ಟುಗಳ ಕೂಟವಾದ ಇರೊಕ್ವಾ ಒಕ್ಕೂಟ 1701ರ ಹೊತ್ತಿಗೆ ಬಸವಳಿದಿತ್ತು. 1693ರಲ್ಲಿ ಫ್ರೆಂಚರು ಮೊಹಾಕರ ಊರುಗಳನ್ನು ಸುಟ್ಟಿದ್ದರು. 1696ರಲ್ಲಿ ಒನೊಂಡಾಗರ ಮೆಕ್ಕೆಜೋಳದ ಹೊಲಗಳನ್ನು ಹಾಳುಗೆಡವಿದರು. ಮಿತ್ರರೆನಿಸಿಕೊಂಡ ಇಂಗ್ಲಿಷರು ಹೊತ್ತಿಗೆ ಆಗಲಿಲ್ಲ. ಅತ್ತ ದರಿ, ಇತ್ತ ಪುಲಿ.

ಆ ಬೇಸಿಗೆಯಲ್ಲಿ ಒಕ್ಕೂಟ ಎರಡು ಕಡೆ ಮಾತುಕತೆ ನಡೆಸಿತು. ಜುಲೈನಲ್ಲಿ ಇಂಗ್ಲಿಷರ ಊರಾದ ಆಲ್ಬನಿಯಲ್ಲಿ, ತುಪ್ಪಳಕ್ಕಾಗಿ ಬೀವರ್ ಎಂಬ ಪ್ರಾಣಿಯನ್ನು ಬೇಟೆಯಾಡುವ ಪಶ್ಚಿಮದ ನೆಲವನ್ನು ಇಂಗ್ಲಿಷ್ ದೊರೆಗೆ ಬರೆದುಕೊಟ್ಟಿತು. ಅದರ ಬಹುಭಾಗ ಆಗಲೇ ಫ್ರೆಂಚ್ ಪಕ್ಷದ ಬುಡಕಟ್ಟುಗಳ ಕೈಸೇರಿತ್ತು, ಹಾಗಾಗಿ ಕಳೆದುಕೊಂಡದ್ದು ಅಷ್ಟಕ್ಕಷ್ಟೆ. ಆಗಸ್ಟ್ 4ರಂದು ಫ್ರೆಂಚರ ಊರಾದ ಮಾಂಟ್ರಿಯಲ್‌ನಲ್ಲಿ ಫ್ರೆಂಚರು ಮತ್ತು ಅವರ ಕಡೆಯ ಹತ್ತಾರು ಬುಡಕಟ್ಟುಗಳೊಂದಿಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿತು. ಮುಂದೆ ಫ್ರಾನ್ಸ್-ಇಂಗ್ಲೆಂಡ್ ನಡುವೆ ಯುದ್ಧವಾದರೆ ತಟಸ್ಥವಾಗಿರುವುದೆಂದು ಮಾತಾಯಿತು.

ಈ ನೀತಿಯ ಬಲ ಇದ್ದದ್ದು ವ್ಯಾಪಾರದಲ್ಲಿ. 1689ರ ಒಂದು ದರಪಟ್ಟಿಯಂತೆ ಒಂದು ಕೋವಿಗೆ ಆಲ್ಬನಿಯಲ್ಲಿ 2 ಬೀವರ್ ಚರ್ಮ, ಮಾಂಟ್ರಿಯಲ್‌ನಲ್ಲಿ 5. ಕೆಂಪು ಕಂಬಳಿಗೆ ಆಲ್ಬನಿಯಲ್ಲಿ 1, ಮಾಂಟ್ರಿಯಲ್‌ನಲ್ಲಿ 2. ಅಗ್ಗದ ಮಾಲು ಇಂಗ್ಲಿಷರಲ್ಲಿದ್ದರೆ ಸೈನ್ಯದ ಭಯ ಫ್ರೆಂಚರದ್ದು. 1726ರಲ್ಲಿ ನಯಾಗರಾದಲ್ಲಿ ಫ್ರೆಂಚರು ಕಲ್ಲಿನ ಕೋಟೆಮನೆ ಕಟ್ಟಿದರು, ಮರುವರ್ಷ ಆಸ್ವೀಗೋದಲ್ಲಿ ಇಂಗ್ಲಿಷರು ಕೋಟೆ ಎಬ್ಬಿಸಿದರು. ಒಬ್ಬರು ದರ ಏರಿಸಿದರೆ ಇನ್ನೊಬ್ಬರ ಬಾಗಿಲು ತೆರೆದೇ ಇತ್ತು. ಸೆನೆಕರು ಫ್ರೆಂಚರತ್ತ, ಮೊಹಾಕರು ಇಂಗ್ಲಿಷರತ್ತ ವಾಲಿದ್ದನ್ನು ಒಡಕು ಎನ್ನುವವರಿದ್ದಾರೆ. ಎರಡೂ ಕಡೆ ನಂಟು ಉಳಿಯುವುದಕ್ಕೆ ಅದೇ ಅನುಕೂಲವಾಯಿತು.

1760ರಲ್ಲಿ ಮಾಂಟ್ರಿಯಲ್ ಬ್ರಿಟಿಷರ ಕೈಗೆ ಬಿತ್ತು. ಪೈಪೋಟಿ ಮುಗಿದ ಕೂಡಲೇ ಬ್ರಿಟಿಷ್ ಸೇನಾಧಿಪತಿ ಆಮ್ಹರ್ಸ್ಟ್ ಬುಡಕಟ್ಟುಗಳಿಗೆ ಕೊಡುತ್ತಿದ್ದ ಉಡುಗೊರೆಗೂ ಮದ್ದುಗುಂಡಿಗೂ ಕತ್ತರಿ ಹಾಕಿದ. ಅದುವರೆಗೆ ತಾವಾಗಿ ಬರುತ್ತಿದ್ದ ಉಡುಗೊರೆಗಳ ಬೆಲೆ ಏನೆಂದು ಆಗ ಗೊತ್ತಾಯಿತು. 1763ರಲ್ಲಿ ಸೆನೆಕರಲ್ಲೇ ಕೆಲವರು, ಬ್ರಿಟಿಷರ ಮೇಲೆ ಒಟ್ಟಾವ ಬುಡಕಟ್ಟಿನ ಮುಖಂಡ ಪಾಂಟಿಯಾಕ್ ಹೂಡಿದ ಯುದ್ಧಕ್ಕೆ ಸೇರಿದರು.

ವಿರೋಧ: ಉಳಿದದ್ದು ಒಬ್ಬರ ನೆಲ, ಹೋದದ್ದು ಇನ್ನೊಬ್ಬರದ್ದು

ಒಕ್ಕೂಟದ ನೆರೆಯ ಬುಡಕಟ್ಟಾದ ಡೆಲವೇರ್ ಜನರಿಗೆ ಈ ನೀತಿ ಏನು ಮಾಡಿತೆಂದು ನೋಡಿ. 1686ರ ಕರಾರೆಂದು ಒಂದು ಕಾಗದ ತೋರಿಸಿ, ಒಂದೂವರೆ ದಿನ ನಡೆದಷ್ಟು ನೆಲ ತಮಗೆ ಸಲ್ಲಬೇಕೆಂದು ಇಂಗ್ಲಿಷ್ ವಸಾಹತು ಪೆನ್ಸಿಲ್ವೇನಿಯಾದ ಒಡೆಯರು ಹಟ ಹಿಡಿದರು. ಹೊಳೆಯ ದಂಡೆಗುಂಟ, ಅಲ್ಲಲ್ಲಿ ಕೂತು ಸುಧಾರಿಸಿಕೊಳ್ಳುತ್ತಾ ಸಾಗುವ ನಡಿಗೆ ಎಂಬುದು ಡೆಲವೇರ್‌ಗಳ ಎಣಿಕೆ. ಆದರೆ 1737ರ ಸೆಪ್ಟೆಂಬರಿನಲ್ಲಿ ಆರಿಸಿ ತಂದ ಮೂವರು, ಮೊದಲೇ ಕಡಿದು ಸವರಿದ ದಾರಿಯಲ್ಲಿ ಓಡಿದಂತೆಯೇ ಹೋದರು. ಇಬ್ಬರು ದಾರಿಯಲ್ಲೇ ಸೋತರು. ಎಡ್ವರ್ಡ್ ಮಾರ್ಷಲ್ ಮಾತ್ರ ಮರುದಿನ ಮಧ್ಯಾಹ್ನ 60 ಮೈಲಿ ದಾಟಿ ನಿಂತ. ಅಲ್ಲಿಂದ ಸರ್ವೇಯರ್ ಗೆರೆಯನ್ನು ಹತ್ತಿರದ ಹೊಳೆಗೆ ಎಳೆಯದೆ, ಲಂಬಕೋನದಲ್ಲಿ ಈಶಾನ್ಯಕ್ಕೆ ಎಳೆದ. ಮೋಸ ಓಟದಲ್ಲಿ ಎಷ್ಟಿತ್ತೋ ಆ ಗೆರೆಯಲ್ಲೂ ಅಷ್ಟೇ ಇತ್ತು. ಸುಮಾರು 12 ಲಕ್ಷ ಎಕರೆ ಹೋಯಿತು.

ಡೆಲವೇರ್‌ಗಳು ಏಳಲೊಪ್ಪದಿದ್ದಾಗ ಪೆನ್ಸಿಲ್ವೇನಿಯಾ ಕರೆಸಿದ್ದು ಅವರ ಮೇಲೆ ಯಜಮಾನಿಕೆ ಸಾಧಿಸುತ್ತಿದ್ದ ಇರೊಕ್ವಾ ಮುಖಂಡರನ್ನೇ. 1742ರಲ್ಲಿ ಫಿಲಡೆಲ್ಫಿಯಾದಲ್ಲಿ ಒನೊಂಡಾಗ ಮುಖಂಡ ಕನಸಟೇಗೊ ಡೆಲವೇರ್‌ಗಳನ್ನು ಬೈದು, ಜಾಗ ಖಾಲಿ ಮಾಡಲು ಅಪ್ಪಣೆ ಕೊಟ್ಟ. ಒಕ್ಕೂಟಕ್ಕೆ ವಸಾಹತಿನ ಮರ್ಯಾದೆಯೂ ಉಡುಗೊರೆಯೂ ಸಿಕ್ಕವು. ನೆಲೆ ತಪ್ಪಿದ ಅನೇಕರು ಓಹೈಯೋದತ್ತ ಹೋದರು, 1755ರಿಂದ ಫ್ರೆಂಚರ ಜೊತೆ ಸೇರಿ ಪೆನ್ಸಿಲ್ವೇನಿಯಾದ ಗಡಿಯ ಮೇಲೆ ಬಿದ್ದರು.

1744ರಲ್ಲಿ ಲ್ಯಾಂಕಾಸ್ಟರ್‌ನಲ್ಲಿ ಬರೆದುಕೊಟ್ಟದ್ದು ಶೆನಂಡೋವಾ ಕಣಿವೆಯ ಹಕ್ಕು ಎಂದುಕೊಂಡಿದ್ದರು ಇರೊಕ್ವಾಗಳು. ಇಂಗ್ಲಿಷ್ ದೊರೆ ಕೊಟ್ಟಿದ್ದ ಹಳೆಯ ಸನ್ನದನ್ನು ಮುಂದಿಟ್ಟು ವರ್ಜೀನಿಯಾ ವಸಾಹತು ಓಹೈಯೋವನ್ನೂ ಅದರಲ್ಲೇ ಸೇರಿಸಿಕೊಂಡಿತು.

1768ರದ್ದು ಇನ್ನೂ ನೇರ. ವಸಾಹತುಗಳಿಗೂ ಬುಡಕಟ್ಟುಗಳಿಗೂ ನಡುವಿನ ಗಡಿ ಗೊತ್ತುಮಾಡಲು, ಬ್ರಿಟಿಷರ ಪರ ಬುಡಕಟ್ಟುಗಳ ವ್ಯವಹಾರ ನೋಡುತ್ತಿದ್ದ ವಿಲಿಯಂ ಜಾನ್ಸನ್ ಸ್ಟ್ಯಾನ್ವಿಕ್ಸ್ ಕೋಟೆಗೆ 20 ದೋಣಿ ಸಾಮಾನು ತರಿಸಿದ. ಗಡಿಯನ್ನು ಕನಾವ ನದಿಯ ಬಾಯಿಗೆ ನಿಲ್ಲಿಸಬೇಕೆಂದು ಲಂಡನ್ ಹೇಳಿದ್ದರೂ ಅವನು ಅದಕ್ಕಿಂತ ಬಹಳ ಪಶ್ಚಿಮದ ಟೆನೆಸೀ ನದಿಯ ಬಾಯಿಯವರೆಗೆ ಎಳೆದ. ಸುಮಾರು 10,000 ಪೌಂಡಿಗೆ ಒಕ್ಕೂಟ ಒಪ್ಪಿತು. ತನ್ನ ಹಳ್ಳಿಗಳಿಂದ ದೂರದ ಕೆಂಟಕಿಯನ್ನು ಬಿಟ್ಟುಕೊಟ್ಟರೆ ವಲಸಿಗರ ಹೊಳೆ ಅತ್ತ ತಿರುಗೀತೆಂಬ ಲೆಕ್ಕಾಚಾರ. ಅದು ಷಾನಿ ಬುಡಕಟ್ಟಿನವರ ಬೇಟೆಯ ಕಾಡು, ಒಪ್ಪಂದದಲ್ಲಿ ಅವರ ಸಹಿ ಇಲ್ಲ. 1774ರ ಅಕ್ಟೋಬರಿನಲ್ಲಿ ಪಾಯಿಂಟ್ ಪ್ಲೆಸೆಂಟ್‌ನಲ್ಲಿ ವರ್ಜೀನಿಯಾದ ಸೈನ್ಯದೆದುರು ಹಿಮ್ಮೆಟ್ಟಿದ ಮೇಲೆ ಷಾನಿಗಳು ಓಹೈಯೋ ನದಿಯ ದಕ್ಷಿಣಕ್ಕೆ ಬೇಟೆಗೆ ಬರುವುದಿಲ್ಲವೆಂದು ಒಪ್ಪಬೇಕಾಯಿತು.