ಗುರುತು ಕೀಳುವ ಕಿಣ್ವಗಳೆಲ್ಲ ವೈರಿಗಳಲ್ಲ

‘ಕ್ಯಾನ್ಸರ್ ಕೋಶವನ್ನು ಕಾಪಾಡುವ ಕಿಣ್ವ ಪತ್ತೆ, ಇನ್ನು ಅದನ್ನು ತಡೆದರಾಯಿತು’ ಎಂಬ ಧಾಟಿಯ ಸುದ್ದಿ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ರೋಗಿಯ ಮನೆಯವರು ಅದನ್ನು ಎಷ್ಟು ಆಸೆಯಿಂದ ಓದುತ್ತಾರೆ! ಯಾವ ಕಿಣ್ವ, ಯಾವ ಕ್ಯಾನ್ಸರ್, ಪ್ರಯೋಗ ನಡೆದದ್ದು ಇಲಿಯ ಮೇಲೋ ಮನುಷ್ಯರ ಮೇಲೋ ಎಂಬಷ್ಟನ್ನಾದರೂ ಬರೆಯಬೇಡವೇ? ಡಿಯುಬಿಕ್ವಿಟಿನೇಸ್ ಎಂಬ ಕಿಣ್ವಗಳ ವಿಷಯದಲ್ಲಂತೂ ‘ತಡೆದರಾಯಿತು’ ಎಂದು ಹೇಳುವಂತೆಯೇ ಇಲ್ಲ.

ಬೇಡವಾದ ಪ್ರೋಟೀನಿಗೆ ಕೋಶವು ಯುಬಿಕ್ವಿಟಿನ್ ಎಂಬ ಗುರುತು ಹಚ್ಚುತ್ತದೆ. ಅದೂ ಒಂದು ಪುಟ್ಟ ಪ್ರೋಟೀನೇ, ಬರೀ 76 ಅಮೈನೋ ಆಮ್ಲಗಳದ್ದು. ಗುರುತು ಬಿದ್ದ ಪ್ರೋಟೀನು ಪ್ರೋಟಿಯಸೋಮ್ ಎಂಬ, ಕೋಶದೊಳಗಿನ ಚೂರುಯಂತ್ರದಲ್ಲಿ ಚೂರಾಗುತ್ತದೆ. ಇದನ್ನು ಕಂಡುಹಿಡಿದ ಮೂವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಹಚ್ಚಿದ ಗುರುತನ್ನು ಕಿತ್ತುಹಾಕುವ ಕಿಣ್ವಗಳೇ ಡಿಯುಬಿಕ್ವಿಟಿನೇಸ್‌ಗಳು. ನಮ್ಮಲ್ಲಿ ಇವು ಸುಮಾರು ನೂರು ಬಗೆ.

ಇವುಗಳಲ್ಲಿ ಯುಎಸ್‌ಪಿ7 ಒಂದನ್ನೇ ನೋಡಿ. ಗಂತಿ ಬೆಳೆಯದಂತೆ ಕಾಯುವ ಪಿ53 ಪ್ರೋಟೀನಿಗೆ ಸಾವಿನ ಗುರುತು ಹಚ್ಚುವುದು ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನು. ಯುಎಸ್‌ಪಿ7 ಇಬ್ಬರ ಮೈಮೇಲಿನ ಗುರುತನ್ನೂ ಕೀಳುತ್ತದೆ. ಕಾಯುವವನನ್ನೂ ಉಳಿಸುತ್ತದೆ, ಅವನನ್ನು ಕೊಲ್ಲಿಸುವವನನ್ನೂ. ಹಾಗಾದರೆ ಅದನ್ನು ತಡೆದರೆ ಪಿ53 ಕುಸಿಯಬೇಕೋ, ಏರಬೇಕೋ? ಕೋಶಗಳಲ್ಲಿ ಮಾಡಿ ನೋಡಿದಾಗ ಏರಿತು, ಏಕೆಂದರೆ ಹೆಚ್ಚಿನ ಪೆಟ್ಟು ಬಿದ್ದದ್ದು ಎಂಡಿಎಂ2ಗೆ. ಆದರೆ ಸುಮಾರು ಅರ್ಧದಷ್ಟು ಕ್ಯಾನ್ಸರ್‌ಗಳಲ್ಲಿ ಪಿ53 ಮೊದಲೇ ಕೆಟ್ಟಿರುತ್ತದೆ. ಅಲ್ಲಿ ಅದು ಏರಿದರೂ ಕಾಯುವವರು ಯಾರು?

ಇದೇ ಕುಟುಂಬದ ಬಿಎಪಿ1 ನಮ್ಮ ರಕ್ಷಕ. ಅದು ಕೈಕೊಟ್ಟಾಗಲೇ ಕಣ್ಣಿನ ಮೆಲನೋಮ, ಶ್ವಾಸಕೋಶದ ಹೊದಿಕೆಯಲ್ಲಿ ಏಳುವ ಮೀಸೋಥೀಲಿಯೋಮದಂಥ ಕ್ಯಾನ್ಸರ್‌ಗಳಿಗೆ ದಾರಿಯಾಗುವುದು. ಇನ್ನೊಂದು ಡಿಯುಬಿಕ್ವಿಟಿನೇಸ್ ಆದ ಸಿವೈಎಲ್‌ಡಿ ಕೆಟ್ಟರೆ ನೆತ್ತಿಯ ಚರ್ಮದಲ್ಲಿ ಗಂತಿಗಳೇಳುತ್ತವೆ.

ಇವುಗಳಲ್ಲಿ ಬಹುಪಾಲು ಕಿಣ್ವಗಳು ಕೆಲಸ ನಡೆಸುವುದು ಸಿಸ್ಟೀನ್ ಎಂಬ ಅಮೈನೋ ಆಮ್ಲದಿಂದ, ಆ ಜಾಗದ ರಚನೆಯೂ ಒಂದರಂತೆ ಇನ್ನೊಂದು. ಹಾಗಾಗಿ ಒಂದಕ್ಕೆಂದು ಮಾಡಿದ ಮದ್ದು ಹತ್ತಕ್ಕೆ ತಗಲಬಹುದು. ಪ್ರೋಟಿಯಸೋಮನ್ನೇ ತಡೆಯುವ ಬೊರ್ಟೆಜೊಮಿಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಸಿಕ್ಕಿ, ಮಲ್ಟಿಪಲ್ ಮೈಲೋಮ ಎಂಬ ರಕ್ತದ ಕ್ಯಾನ್ಸರಿನ ಚಿಕಿತ್ಸೆಯೇ ಬದಲಾಗಿತ್ತು. ಅದೇ ಭರವಸೆಯಲ್ಲಿ, ಪ್ರೋಟಿಯಸೋಮ್‌ಗೆ ಅಂಟಿಕೊಂಡಿರುವ ಎರಡು ಡಿಯುಬಿಕ್ವಿಟಿನೇಸ್‌ಗಳನ್ನು ತಡೆಯಲೆಂದು ವಿಎಲ್‌ಎಕ್ಸ್1570 ಎಂಬ ಔಷಧವನ್ನು ಮೈಲೋಮ ರೋಗಿಗಳಿಗೆ ಕೊಟ್ಟರು. ಇಬ್ಬರು ಉಸಿರಾಟದ ತೊಂದರೆಯಿಂದ ತೀರಿಕೊಂಡರು, ಪ್ರಯೋಗ ನಿಂತಿತು. ಆ ಔಷಧ ಗುರಿಯಿಟ್ಟವಕ್ಕಷ್ಟೇ ಅಲ್ಲ, ಬೇರೆ ಹಲವು ಪ್ರೋಟೀನುಗಳಿಗೂ ಅಂಟಿಕೊಳ್ಳುತ್ತದೆಂದು ಆಮೇಲೆ ತಿಳಿಯಿತು. ಅವರಿಬ್ಬರನ್ನು ಮರೆತು ಈ ವಿಷಯ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಈಗ ನನ್ನ ಆಸೆ ಇರುವುದು ಯುಎಸ್‌ಪಿ1 ಮೇಲೆ. ಅದು ಡಿಎನ್‌ಎ ರಿಪೇರಿಯಲ್ಲಿ ಕೈಜೋಡಿಸುವ ಡಿಯುಬಿಕ್ವಿಟಿನೇಸ್. ಡಿಎನ್‌ಎ ರಿಪೇರಿಗೆ ಬೇಕಾದ ಬಿಆರ್‌ಸಿಎ1 ಎಂಬ ಜೀನ್ ಕೆಟ್ಟ ಕ್ಯಾನ್ಸರ್ ಕೋಶಗಳಲ್ಲಿ ಒಂದು ರಿಪೇರಿ ದಾರಿ ಆಗಲೇ ಮುಚ್ಚಿರುತ್ತದೆ. ಯುಎಸ್‌ಪಿ1ನ್ನೂ ಕಿತ್ತುಕೊಂಡರೆ ಅಂಥ ಹಲವು ಕೋಶಗಳು ಬದುಕಲಾರವು. ಇದನ್ನು ತಡೆಯುವ ಔಷಧಗಳನ್ನು ಒಂಟಿಯಾಗಿಯೂ ಪಾರ್ಪ್ ಎಂಬ ಇನ್ನೊಂದು ರಿಪೇರಿ ಕಿಣ್ವವನ್ನು ತಡೆಯುವ ಔಷಧಗಳ ಜೊತೆಗೂ ರೋಗಿಗಳಲ್ಲಿ ಪರೀಕ್ಷಿಸಲಾಗಿದೆ. ಯಾರ ಗಂತಿಗೆ ಯಾವ ಕೊರತೆ ಎಂದು ಮೊದಲೇ ನೋಡಿ ಔಷಧ ಕೊಡುವ ಈ ಕ್ರಮ ನನಗೆ ಹಿಡಿಸಿದೆ.