ಮೂಟೆಗೆ ಎರಡು ಕಿಲೋಮೀಟರ್

ಹಾಸನದ ಸಂತೆಪೇಟೆಯಲ್ಲಿ ನಾನು ಆಲೂಗೆಡ್ಡೆಯ ತಳ್ಳುಗಾಡಿಗೆ ಸ್ಕೂಟರ್ ಗುದ್ದಿದ್ದು, ಪಿಯುಸಿ ಮಕ್ಕಳಿಗೆ ಸಂವೇಗ ಸಂರಕ್ಷಣಾ ನಿಯಮವನ್ನು ಬೋಧಿಸಿ ಹೊರಬಿದ್ದ ಅರ್ಧ ಗಂಟೆಯೊಳಗೆ ಎಂಬುದು ನನ್ನ ಸಹೋದ್ಯೋಗಿಗಳಿಗೆ ಇಂದಿಗೂ ಕಾಫಿಯ ಜೊತೆ ನೆಂಚಿಕೊಳ್ಳುವ ವಿಷಯ. ಹೊರಗಿನ ಬಲ ಇಲ್ಲದಿದ್ದರೆ ಡಿಕ್ಕಿಗೆ ಮೊದಲಿನ ಒಟ್ಟು ಸಂವೇಗ, ಅಂದರೆ ದ್ರವ್ಯರಾಶಿ ಗುಣಿಸು ವೇಗ, ಡಿಕ್ಕಿಯ ನಂತರವೂ ಅಷ್ಟೇ ಇರುತ್ತದೆ ಎನ್ನುವುದೇ ಆ ನಿಯಮ.

ಯಾರಿಗೂ ಪೆಟ್ಟಾಗಲಿಲ್ಲ. ನಿಂತಿದ್ದ ಗಾಡಿಯ ಹಿಂಬದಿಗೆ ಸ್ಕೂಟರಿನ ಮಡ್‌ಗಾರ್ಡ್ ಸಿಕ್ಕಿಕೊಂಡು, ಎರಡೂ ಒಂದಾಗಿ ಸುಮಾರು 1 ಮೀಟರ್ ಉರುಳಿ 1 ಸೆಕೆಂಡಿನಲ್ಲಿ ನಿಂತವು. ಬಾಯಿ ಬಿಚ್ಚಿದ ಮೂಟೆಯಿಂದ ಹತ್ತಾರು ಗೆಡ್ಡೆಗಳು ಮಾತ್ರ ಚರಂಡಿಯವರೆಗೂ ಹೋದವು.

"ಎಷ್ಟು ಸ್ಪೀಡಲ್ಲಿದ್ರಿ ಮೇಷ್ಟ್ರೇ?" ಎಂದರು ಕಾನ್‌ಸ್ಟೇಬಲ್. ಸ್ಪೀಡೋಮೀಟರಿನ ಕೇಬಲ್ ತುಂಡಾಗಿ ವರ್ಷವಾಗಿತ್ತು. ಲೆಕ್ಕ ಹಾಕಿ ಹೇಳುತ್ತೇನೆಂದು ದಿನಸಿ ಚೀಟಿಯ ಬೆನ್ನಿಗೆ ಬರೆಯತೊಡಗಿದೆ.

ಒಂದೇ ಸಮನೆ ನಿಧಾನವಾಗುತ್ತ 1 ಸೆಕೆಂಡಿನಲ್ಲಿ 1 ಮೀಟರ್ ಸಾಗಿ ನಿಂತಿದೆಯೆಂದರೆ, ಗುದ್ದಿದೊಡನೆ ಎರಡರ ವೇಗವೂ ಸೆಕೆಂಡಿಗೆ 2 ಮೀಟರ್ ಇದ್ದಿರಬೇಕು. ನಾನೂ ಸ್ಕೂಟರೂ ಸೇರಿ 180 ಕಿಲೋ. ಗಾಡಿ 80, ಅದರ ಮೇಲೆ 50 ಕಿಲೋದ ಎರಡು ಮೂಟೆ, ಅಲ್ಲಿಗೆ ಅದೂ 180. ಡಿಕ್ಕಿಯ ನಂತರದ ಸಂವೇಗ 360 ಗುಣಿಸು 2, ಅಂದರೆ 720. ಮೊದಲು ಅಷ್ಟೂ ನನ್ನ ಬಳಿಯೇ ಇದ್ದುದರಿಂದ 180ರಿಂದ ಭಾಗಿಸಿದರೆ ಸೆಕೆಂಡಿಗೆ 4 ಮೀಟರ್, ಗಂಟೆಗೆ 14.4 ಕಿಲೋಮೀಟರ್. ಚಲನಶಕ್ತಿ ಅರ್ಧಕ್ಕರ್ಧ ನಷ್ಟವಾಗಿರುತ್ತದೆ, ಅದು ಮಡ್‌ಗಾರ್ಡಿನ ಸೊಟ್ಟದಲ್ಲಿದೆ ಎಂದೂ ತೋರಿಸಿದೆ. ಯಾರೂ ಕೇಳಿರಲಿಲ್ಲ.

"ಎರಡಲ್ಲ ಮೇಷ್ಟ್ರೇ, ಮೂರು ಮೂಟೆ ಇತ್ತು," ಎಂದ ಗಾಡಿಯವನು, ಪರಿಹಾರದ ಮೇಲೆ ಕಣ್ಣಿಟ್ಟು. ಮೂರನೆಯ ಮೂಟೆಯನ್ನು ಒಪ್ಪಿದರೆ ದುಡ್ಡು ಕೊಡಬೇಕಾದದ್ದಲ್ಲದೆ ನನ್ನ ವೇಗವೂ 16.4ಕ್ಕೆ ಏರುತ್ತಿತ್ತು, ಅವನು ಸೇರಿಸುವ ಒಂದೊಂದು ಮೂಟೆಗೂ ನಾನು ಗಂಟೆಗೆ 2 ಕಿಲೋಮೀಟರ್ ಹೆಚ್ಚು ಅವಿವೇಕಿಯಾಗುತ್ತಿದ್ದೆ. ಎರಡೇ ಎಂದು ಪಟ್ಟುಹಿಡಿದೆ.

ಅಷ್ಟರಲ್ಲಿ ಗುಂಪಿನಿಂದ ಹಳೆಯ ವಿದ್ಯಾರ್ಥಿಯೊಬ್ಬ ಇಣುಕಿದ. "ಸಾರ್, ಹೊರಗಿನ ಬಲ ಇರಬಾರದು ಅಂತ ನೀವೇ ಹೇಳಿದ್ರಿ. ಗುದ್ದುವಾಗ ಬ್ರೇಕ್ ಹಿಡಿದಿದ್ರಲ್ವಾ?"

ಗುದ್ದುವ ಆ ಕ್ಷಣಕ್ಕೆ ಬ್ರೇಕಿನ ಬಲ ನಗಣ್ಯವೆಂದು ವಿವರಿಸಿ ಪಾರಾಗಬಹುದಿತ್ತು. ಆದರೆ ಪಾಠದ ಆವೇಶದಲ್ಲಿದ್ದ ನಾನು ನಿಯಮದ ಮಾನ ಕಾಯಲು ನಿಜವನ್ನೇ ಹೇಳಿಬಿಟ್ಟೆ: "ಇಲ್ಲಪ್ಪ, ಬ್ರೇಕ್ ನೆನಪಾದದ್ದು ಗುದ್ದಿದ ಮೇಲೆ."

ಇಡೀ ಲೆಕ್ಕದಲ್ಲಿ ಕಾನ್‌ಸ್ಟೇಬಲ್ ತಮ್ಮ ಪುಸ್ತಕಕ್ಕೆ ಇಳಿಸಿಕೊಂಡದ್ದು ಆ ಒಂದು ವಾಕ್ಯವನ್ನು ಮಾತ್ರ.